ಆರು ಪ್ರಾಣಿ, ಏಳು ವೃತ್ತ

…ಅಯ್ಯೋ, ಅದನ್ನ ಹಾಗೆ ಒಂದೇ ಕೈಲಿ ಎತ್ತಬೇಡ ಕಣೇ, ಅದು ಕುದುರೆಯದು! ಎರಡೂ ಕೈ ಕೊಡು. ತಳಕ್ಕೊಂದು ಕೈ, ಪಕ್ಕಕ್ಕೊಂದು ಕೈ… ಹಾಂ, ಮಗೂನ ಎತ್ಕೊಳ್ಳೋ ಹಾಗೆ… ಅಂದ್ರೆ, ಜೋಪಾನವಾಗಿ ಅಂದೆ. ಮೂವತ್ತೊಂದು ವರ್ಷದಿಂದ ಆ ಜಾಡಿಯಲ್ಲಿ ತಣ್ಣಗೆ ಕೂತಿದೆ. ನಾನು ನಿವೃತ್ತಿ ಆಗೋ ದಿನವೇ ಅದು ನೆಲಕ್ಕೆ ಬಿದ್ರೆ ಹೊಸ ಮೇಡಂಗೆ ಚಾರ್ಜ್ ಪಟ್ಟಿಯಲ್ಲಿ ಏನಂತ ಬರೆದುಕೊಡಲಿ? ಕುದುರೆ ಒಂದು, ಒಡೆದದ್ದು, ಅಂತಲಾ?

ಯಾಕೆ ನಗ್ತೀಯ? ನಗು, ನಗು. ಬೆಳಿಗ್ಗೆಯಿಂದ ಮಾತಂತೂ ಆಡಿಲ್ಲ, ನಗೋದಾದ್ರೂ ನಗು. ಬರಬೇಡ ಅಂತ ಎಷ್ಟು ಹೇಳಿದೆ ನಿನಗೆ. ಗಂಡ ಮೂವತ್ತೊಂದು ವರ್ಷ ಪಾಠ ಹೇಳಿದ ಜಾಗ, ನಾನೇ ಧೂಳು ಹೊಡೀತೀನಿ ಅಂತ ಬಟ್ಟೆ, ಬ್ರಶ್ಶು, ಇಂಕಿನ ಬಾಟಲಿ ಎಲ್ಲ ಬ್ಯಾಗಿಗೆ ತುರುಕಿಕೊಂಡು ಹೊರಟೇಬಿಟ್ಟೆ. ನನ್ನ ಮಾತು ಈ ಪಶುವೈದ್ಯ ಕಾಲೇಜಲ್ಲಿ ದನಗಳೇ ಕೇಳಲ್ಲ, ನೀನು ಕೇಳ್ತೀಯಾ? ಸರಿ. ಬಂದದ್ದು ಬಂದೆ. ಲೇಬಲ್‌ಗಳ ಮೇಲೆ ಇಂಕು ಮಾಸಿದೆ, ಅದನ್ನ ತಿದ್ದಿ ಕೊಡು ಸಾಕು. ನಾಲ್ಕು ಗಂಟೆಗೆ ಕೆಳಗೆ ಬೀಳ್ಕೊಡುಗೆ ಚಹಾ. ಅಷ್ಟರೊಳಗೆ ಅಕ್ಕ ಬೇರೆ ಬರ್ತಾಳೆ. ತಮ್ಮ ಇಷ್ಟು ವರ್ಷ ಏನು ಮಾಡಿದ ಅಂತ ಮ್ಯೂಸಿಯಂ ನೋಡ್ಲೇಬೇಕಂತೆ ಅವಳಿಗೆ. ನೋಡ್ಲಿ. ಆರು ಕಪಾಟು, ಆರು ಗಂಡುಪ್ರಾಣಿ, ಎಲ್ಲರದ್ದೂ ಬಿಚ್ಚಿಟ್ಟಿದೀನಿ.

ಆ ಮೂಲೆಯ ಮರದ ಪೆಟ್ಟಿಗೆ ಬಿಡು. ಅದು ಬರೀ ಸ್ಲೈಡು. ಅದನ್ನ ನಾನೇ ನೋಡ್ಕೋತೀನಿ.

ಇಲ್ಲಿ ಬಾ, ಇದನ್ನ ಒರೆಸು. ಇದು ಹೋರಿಯದು. ನೋಡು, ಒಳಗೆ ಎರಡು ಸಲ ಮಡಚಿ ಇಟ್ಟಿದೆ, ಮಡಚೋ ಛತ್ರಿ ಥರ. ನಿನಗೆ ಗೊತ್ತು ಬಿಡು, ನೀನೇ ಬರೆದ ಚಿತ್ರ. ಪಕ್ಕದ್ದು ಟಗರು. ತುದಿಯಲ್ಲಿ ಸಣ್ಣ ದಾರ ತೂಗಾಡ್ತಿದೆಯಲ್ಲ, ಯಾರೋ ಹೊಲಿದು ದಾರ ಕತ್ತರಿಸೋದು ಮರೆತ ಹಾಗೆ! ಆಮೇಲೆ ಗಂಡುಹಂದಿ, ಅದಕ್ಕೆ ತಿರುಪು. ನಾಯಿಗೆ ಒಳಗೊಂದು ಎಲುಬು. ಬೆಕ್ಕಿಗೆ ಮುಳ್ಳು, ಅದೂ ಹಿಂದಕ್ಕೆ ಮುಖ. ಒಂದೇ ಕೆಲಸಕ್ಕೆ ಆರು ಥರ ಏರ್ಪಾಟು. ಮೊದಲ ದಿನ ಇಷ್ಟು ಹೇಳಿ ಮುಗಿಸೋ ಹೊತ್ತಿಗೆ ಹುಡುಗಿಯರೆಲ್ಲ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿರ್ತಾರೆ, ಹುಡುಗರು ಕಿಟಕಿ ಕಡೆ ತಿರುಗಿ ಭುಜ ಕುಣಿಸ್ತಿರ್ತಾರೆ. ನಾನು ಮಾತ್ರ ಕೋಲು ಹಿಡ್ಕೊಂಡು ಗಂಭೀರವಾಗಿ ನಿಂತಿರ್ತೀನಿ, ರೈಲ್ವೆ ಟೈಮ್‌ಟೇಬಲ್ ಓದೋನ ಹಾಗೆ.

ಒಂದು ವರ್ಷ ಒಬ್ಬಳು ಎದ್ದು ನಿಂತು ಕೇಳಿದ್ಲು, ಸಾರ್, ಇದರಲ್ಲಿ ಮನುಷ್ಯ ಯಾಕಿಲ್ಲ ಅಂತ. ಇದು ಸಾಕುಪ್ರಾಣಿಗಳ ಪಟ್ಟಿಯಮ್ಮ, ಮನುಷ್ಯ ಮದುವೆ ಆದಮೇಲೆ ಮಾತ್ರ ಈ ಪಟ್ಟಿಗೆ ಬರ್ತಾನೆ ಅಂದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು ನಿನಗೂ ಹೇಳಿದ್ದೆ. ನೀನು ನಗಲಿಲ್ಲ ಆವತ್ತು. ಅನ್ನ ಹಾಕ್ತಿದ್ದೆ, ಹಾಕ್ತಾನೇ ಇದ್ದೆ.

ನನಗೆ ಇಲ್ಲಿ ಇಟ್ಟಿರೋ ಹೆಸರು ಗೊತ್ತಲ್ಲ? ಬೀಜದ ಮೇಷ್ಟ್ರು! ಸಂಕೋಚ ಏನು, ಕಾಲೇಜಿಗೆಲ್ಲ ಗೊತ್ತು. ಗೇಟಿನ ಹತ್ತಿರ ಚಹಾ ಮಾರೋನೂ ಹಾಗೇ ಕರೀತಾನೆ. ಮೊದಲ ಸಲ ಕಿವಿಗೆ ಬಿದ್ದಾಗ ಸಿಟ್ಟು ನೆತ್ತಿಗೇರಿತ್ತು. ಆಮೇಲೆ ನೋಡಿದ್ರೆ ಪ್ರಿನ್ಸಿಪಾಲರೇ ಫೋನಲ್ಲಿ ಯಾರಿಗೋ ಹೇಳ್ತಿದ್ರು, ನಮ್ಮ ಬೀಜದ ಮೇಷ್ಟ್ರನ್ನ ಕಳಿಸ್ತೀನಿ ಅಂತ. ಇನ್ನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು? ನಿಮ್ಮಪ್ಪನ ಎದುರು ಕೂತಾಗ ಮಾತ್ರ ನನ್ನ ಬಾಯಿ ಕಟ್ಟಿಹೋಗಿತ್ತು. ಏನು ಪಾಠ ಮಾಡ್ತೀರಿ ಅಂದ್ರು. ಹೋಲಿಕೆ ಅಂದೆ. ಏನನ್ನ ಹೋಲಿಸ್ತೀರಿ ಅಂದ್ರು. ಅಂಗಾಂಗ ಅಂದೆ. ಯಾವ ಅಂಗ ಅಂತ ಕೇಳೋಕೆ ಅವರು ಬಾಯಿ ತೆಗೆಯೋಷ್ಟರಲ್ಲಿ ನೀನು ಕಾಫಿ ತಂದಿಟ್ಟೆ. ಬದುಕಿಸಿದೆ.

ಆವತ್ತಿಂದಲೂ ನೀನೇ ಬದುಕಿಸಿಕೊಂಡು ಬಂದಿದೀಯ ಅನ್ನು. ಶಾಲೆಯಲ್ಲಿ ಮಕ್ಕಳಿಗೆ ಹೂವು, ಗುಡ್ಡ, ಸೂರ್ಯ ಬರೆಸೋ ಡ್ರಾಯಿಂಗ್ ಟೀಚರ್ರು, ನನ್ನ ಕೈಗೆ ಸಿಕ್ಕಿ ಹೋರಿ, ಹಂದಿ ಬರೀಬೇಕಾಯ್ತು. ಈ ಗೋಡೆ ಮೇಲಿನ ಚಾರ್ಟೆಲ್ಲ ನಮ್ಮ ಊಟದ ಮೇಜಿನ ಮೇಲೆ ಒಣಗಿದವು. ಆ ಹಂದಿ ಚಾರ್ಟ್ ನೆನಪಿದೆಯಾ? ಬಣ್ಣ ಇನ್ನೂ ಹಸಿ, ಅಕ್ಕ ಹೇಳದೆ ಕೇಳದೆ ಬಂದುಬಿಟ್ಲು. ಏನೇ ಇದು ಇಷ್ಟುದ್ದ, ತಿರುಪು ತಿರುಪಾಗಿ, ಅಂದ್ಲು. ನೀನು ಕಣ್ಣು ಮಿಟುಕಿಸದೆ, ನೀರಿನ ಪೈಪಿನ ನಕ್ಷೆ ಅತ್ತಿಗೆ, ಹಿತ್ತಲಿಗೆ ಹಾಕಿಸ್ತಿದೀವಿ, ಅಂದೆ. ಅಕ್ಕ ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿ, ಈ ಕಡೆ ಸೋರತ್ತೆ ಇದು, ಅಂದುಬಿಟ್ಲು! ನಾನು ಬಚ್ಚಲಿಗೆ ಓಡಿಹೋಗಿ ಬಾಯಿಗೆ ಟವೆಲ್ ತುರುಕಿಕೊಂಡೆ. ಅಷ್ಟು ನಕ್ಕದ್ದು ನಾವಿಬ್ಬರೂ ಅದೇ ಕೊನೆ ಇರಬೇಕು.

ಅಲ್ಲಿ ಮೇಲೆ ನೋಡು, ಕಿಟಕಿ ಪಕ್ಕದ ಚಾರ್ಟು. ವೀರ್ಯಾಣುಗಳದ್ದು. ಅದು ನಿನ್ನ ಎಲ್ಲಕ್ಕಿಂತ ಒಳ್ಳೇ ಕೆಲಸ. ನಾನು ಪರೀಕ್ಷೆ ಡ್ಯೂಟಿಗೆ ಅಂತ ಹತ್ತು ದಿನ ಬೇರೆ ಊರಿಗೆ ಹೋಗಿದ್ದೆ, ನಮ್ಮ ಹಳೇ ಅಟೆಂಡರ್ ಸ್ಲೈಡು, ಮೈಕ್ರೋಸ್ಕೋಪು ಎಲ್ಲ ಮನೆಗೇ ತಂದುಕೊಟ್ಟಿದ್ದ. ವಾಪಸ್ ಬರೋ ಹೊತ್ತಿಗೆ ಚಾರ್ಟ್ ಗೋಡೆ ಮೇಲಿತ್ತು. ಒಂದೊಂದು ವೃತ್ತದಲ್ಲೂ ಮೈಕ್ರೋಸ್ಕೋಪಲ್ಲಿ ಕಂಡದ್ದು ಕಂಡ ಹಾಗೆ. ಟಗರಿನದಕ್ಕೆ ಅಗಲ ತಲೆ, ಬೆಕ್ಕಿನದು ಪುಟ್ಟದು, ಕುದುರೆಯದಕ್ಕೆ ಬಾಲ ನಡುವಿಗೆ ಅಂಟದೆ ಒಂಚೂರು ಪಕ್ಕಕ್ಕೆ. ಅದನ್ನ ನಾನು ನಿನಗೆ ಹೇಳಿಕೊಟ್ಟೇ ಇರಲಿಲ್ಲ, ನೀನೇ ನೋಡಿ ಹಿಡಿದದ್ದು. ನೀನು ಕಾಣದ್ದನ್ನ ಬರೆಯೋಳಲ್ಲ, ಕಂಡದ್ದನ್ನ ಬಿಡೋಳೂ ಅಲ್ಲ.

ಲೆಕ್ಕ ಮಾತ್ರ ತಪ್ಪಿದೆ. ಆರು ಪ್ರಾಣಿ, ಏಳು ವೃತ್ತ! ಏಳನೇದು ಖಾಲಿ. ಹೆಸರೂ ಇಲ್ಲ. ಇಪ್ಪತ್ತಮೂರು ವರ್ಷದಿಂದ ಅದೊಂದು ತಮಾಷೆ ನನಗೆ. ನನ್ನ ಹೆಂಡತಿಗೆ ಬಣ್ಣ ಬರತ್ತೆ, ಮಗ್ಗಿ ಬರಲ್ಲ ಅಂತ ಹೇಳಿ ಎಷ್ಟು ಬ್ಯಾಚ್ ನಗಿಸಿದೀನಿ. ಕ್ಲಾಸಲ್ಲಿ ತೂಕಡಿಸಿದೋನನ್ನ ಎಬ್ಬಿಸಿ, ಏಳನೇದು ಯಾವ ಪ್ರಾಣಿದಪ್ಪ ಅಂತ ಕೇಳೋದು. ಅವನು ಕಣ್ಣು ಉಜ್ಜಿಕೊಂಡು ಆನೆ ಅನ್ನೋದು, ಒಂಟೆ ಅನ್ನೋದು…

ಯಾಕೆ, ಬೇಜಾರಾಯ್ತಾ? ತಮಾಷೆಗಲ್ವಾ. ಬಿಡು. ಇನ್ನು ಹೇಳಲ್ಲ. ಇನ್ನು ಹೇಳೋಕೆ ಕ್ಲಾಸೂ ಇಲ್ಲ.

ಏ, ಪೆಟ್ಟಿಗೆ ಯಾಕೆ ಎತ್ಕೊಂಡೆ? ಬೇಡ ಅಂದ್ನಲ್ಲ. ಭಾರ ಅದು… ಭಾರ ಇಲ್ವಾ? ಸರಿ, ಭಾರ ಇಲ್ಲ, ಆದ್ರೆ ಕೊಂಡಿ ತುಕ್ಕು ಹಿಡಿದಿದೆ, ಕೈಗೆ ಚುಚ್ಚತ್ತೆ. ಮೇಜಿನ ಮೇಲಿಡು. ಇಲ್ಲಿ ಬಾ, ಇದು ನೋಡು, ಇದನ್ನ ನಿನಗೆ ತೋರಿಸೇ ಇಲ್ಲ. ಒಂದು ಕುದುರೆ, ಬೀಜ ಒಡೆಸಿದೀವಿ ಅಂತ ಯಾರೋ ತಂದು ಕಟ್ಟಿದ್ರು. ಹೊರಗೆ ನೋಡಿದ್ರೆ ಏನೂ ಇಲ್ಲ, ಆದ್ರೆ ಹೆಣ್ಣು ಕುದುರೆ ಕಂಡ್ರೆ ಲಾಯ ಮುರೀತಿತ್ತು. ಕೊನೆಗೆ ಸಿಕ್ಕಿದ್ದು ಹೊಟ್ಟೆಯೊಳಗೆ, ಕರುಳಿನ ಹಿಂದೆ ಅವಿತುಕೊಂಡು ಕೂತಿತ್ತು. ಕೆಳಗೆ ಇಳಿಯೋಕೆ ಧೈರ್ಯವೇ ಇಲ್ಲದ ಹಾಗೆ. ಹಾಗೆ ಅವಿತುಕೊಂಡದ್ದು ಇದ್ದೂ ಪ್ರಯೋಜನ ಇಲ್ಲ ಗೊತ್ತಾ, ಒಳಗಿನ ಬಿಸಿಗೆ…

ನೋಡ್ತಾನೇ ಇಲ್ಲ ನೀನು.

ಅಕ್ಕ ಬರೋ ಹೊತ್ತಾಯ್ತು ಕಣೇ. ಮುಖ ತೊಳ್ಕೊಂಡು ಬಾ ಹೋಗು, ಬಾಗಿಲ ಎಡಕ್ಕೆ ನಲ್ಲಿ ಇದೆ. ಇವತ್ತು ಅವಳು ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡ. ಅವಳ ಬಾಯಿ ಗೊತ್ತಲ್ಲ. ಅವಳ ಮೊಮ್ಮಗನ್ನ ನೋಡೋಕೆ ಹೋದಾಗ ಕೂಡ ಹಾಗೇ ಆಯ್ತಲ್ಲ… ನೀನು ಕೈ ಚಾಚಿದೆ, ಅವಳು ನಿನ್ನ ಕೈ ತಣ್ಣಗಿದೆ ಅಂತ ಹೇಳಿ ಮಗೂನ ಆ ಕಡೆ ತಿರುಗಿಸಿಕೊಂಡ್ಲು. ನೀನು ನನ್ನ ಮುಖ ನೋಡಿದೆ. ನಾನು… ನಾನು ಮಗುವಿನ ಮೂಗು ಯಾರ ಥರ ಇದೆ ಅಂತ ಕೇಳಿದೆ. ಹೌದು, ಅದನ್ನೇ ಕೇಳಿದ್ದು. ಮೂಗು! ಪ್ರಪಂಚದ ಆರು ಪ್ರಾಣಿಗಳ ಗಂಡಸುತನದ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗೀತೀನಿ, ಅಕ್ಕನ ಎದುರು ಒಂದು ಮಾತು ಆಡು ಅಂದ್ರೆ ನನ್ನ ನಾಲಿಗೆ ಹೋರಿಯದರ ಹಾಗೆ ಎರಡು ಮಡಿಕೆ ಆಗಿ ಒಳಗೆ ಹೋಗತ್ತೆ.

ತೆಗೀಬೇಡ. ತೆಗೀಬೇಡ ಅಂದೆ.

ತೆಗೆದೇಬಿಟ್ಯಾ. ಸರಿ, ನೋಡು. ಸ್ಲೈಡು, ಅಷ್ಟೇ. ಹೋರಿ, ಕುದುರೆ, ಟಗರು, ಹಂದಿ, ನಾಯಿ, ಬೆಕ್ಕು. ಅದು… ಹಾಂ, ಅದರ ಮೇಲೆ 'ಇತರೆ' ಅಂತ ಬರೆದಿದೆ. ಇತರೆ ಅಂದ್ರೆ ಇತರೆ. ಬೇರೆ ಯಾವುದಾದ್ರೂ ಪ್ರಾಣಿ. ಪಟ್ಟಿಗೆ ಸೇರದ್ದು. ಹೇಸರಗತ್ತೆ ಇರಬೇಕು. ಹೌದು, ಹೇಸರಗತ್ತೆಯದೇ, ಈಗ ನೆನಪಾಯ್ತು. ಕತ್ತೆಗೂ ಕುದುರೆಗೂ ಹುಟ್ಟಿದ್ದು. ಎಲ್ಲ ನೆಟ್ಟಗಿರತ್ತೆ ಅದಕ್ಕೆ, ಮೈ ಕಟ್ಟು ಏನು, ನಡಿಗೆ ಏನು, ಭಾರ ಬೇಕಾದ್ರೂ ಹೊರತ್ತೆ. ಮರಿ ಮಾತ್ರ ಆಗಲ್ಲ. ಅದಕ್ಕೇ ಸ್ಲೈಡ್ ಖಾಲಿ. ಕ್ಲಾಸಿಗೆ ತೋರಿಸೋಕೆ ಅಂತ ಇಟ್ಟಿದ್ದೆ. ಕೊಡು ಇಲ್ಲಿ.

ಕೊಡು ಅಂದೆ.

ತಾರೀಖು ಯಾಕೆ ಓದ್ತೀಯ? ನನ್ನ ಕೈಬರಹ ನಿನಗೆ ಎಲ್ಲಿ ಅರ್ಥ ಆಗತ್ತೆ, ಅದು ಹಳೇದು, ಅಳಿಸಿಹೋಗಿದೆ… ಅಳಿಸಿಲ್ವಾ.

ಯಾವ ಹೇಸರಗತ್ತೆ ಅಂತ ಕೇಳಲ್ವಾ? ನಮ್ಮ ಕಾಲೇಜಿನ ಲಾಯದಲ್ಲಿ ಹೇಸರಗತ್ತೆ ಯಾವತ್ತೂ ಇರಲಿಲ್ಲ, ಅದು ನಿನಗೂ ಗೊತ್ತು. ಬೈಯಿ. ಕೇಳು. ಯಾರದು ಇದು ಅಂತ ಒಂದು ಸಲ ಕೇಳು, ಹೇಳಿಬಿಡ್ತೀನಿ.

ಕೇಳಲ್ಲ.

ಸರಿ, ನಾನೇ ಹೇಳ್ತೀನಿ. ಆವಾಗ ಮಗು ಆಗಲಿ ಅಂತ ಡಾಕ್ಟರಮ್ಮ ನಿನಗೆ ಆರು ತಿಂಗಳಿಂದ ಮಾತ್ರೆ ಕೊಡ್ತಿದ್ರು. ಇನ್ನು ನಿಮ್ಮ ಯಜಮಾನರದ್ದೂ ಒಂದು ಸಲ ಪರೀಕ್ಷೆ ಮಾಡಿಸಿ ಅಂದ್ರು. ನಾನು ಎದೆ ಸೆಟೆಸಿಕೊಂಡು, ಡಾಕ್ಟರೇ, ವಾರಕ್ಕೆ ಐವತ್ತು ಹೋರಿಗಳದ್ದು ನೋಡೋನು, ನಂದು ನಾನು ನೋಡ್ಕೊಳ್ಳೋಕಾಗಲ್ವಾ, ಅಂದೆ. ಅವರೂ ನಕ್ರು, ನೀನೂ ನಕ್ಕೆ. ಮಾರನೇ ದಿನ ಎಲ್ಲರೂ ಹೋದಮೇಲೆ ಈ ಬಾಗಿಲಿಗೆ ಚಿಲಕ ಹಾಕಿ ನೋಡಿದೆ. ಒಂದೂ ಇಲ್ಲ. ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ನಿಂತದ್ದನ್ನ ತೆಗೆದು, ಬಣ್ಣ ಹಾಕಿ ಮತ್ತೆ ನೋಡಿದೆ. ಮೂಲೆ ಮೂಲೆ ಹುಡುಕಿದೆ, ಬಿದ್ದ ಕೀಲಿಕೈ ಹುಡುಕೋನ ಹಾಗೆ. ಒಂದೂ ಇಲ್ಲ ಕಣೇ. ಮನೆಗೆ ಬಂದೆ. ನೀನು ಬಾಗಿಲಲ್ಲೇ ನಿಂತಿದ್ದೆ. ಎಲ್ಲ ಸರಿಯಿದೆ, ಹೋರಿ ಥರ ಇದೀನಿ, ಅಂದುಬಿಟ್ಟೆ. ಅಷ್ಟೇ ಮಾತು. ನಾಳೆ ಹೇಳ್ತೀನಿ ಅಂದುಕೊಂಡೆ.

ಆ ನಾಳೆಗೆ ನಿನಗೆ ಇಂಜೆಕ್ಷನ್ ಶುರುವಾಯ್ತು. ಎರಡು ಸಲ ಹೊಟ್ಟೆಗೆ ತೂತು ಹಾಕಿ ನೋಡಿದ್ರು. ನಿನ್ನ ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ, ಹಣ್ಣು ಸುಲಿದು ಕೊಟ್ಟೆ. ಎಷ್ಟು ಒಳ್ಳೇ ಗಂಡ ಅಂತ ನರ್ಸ್ ಹೇಳಿದ್ಲು. ಒಳ್ಳೇ ಗಂಡ!

ಯಾಕೆ ಬಿಸಾಡಲಿಲ್ಲ ಅಂತಲಾ? ನನಗೂ ಗೊತ್ತಿಲ್ಲ. ಮಾದರಿ ಬಿಸಾಡೋ ಅಭ್ಯಾಸ ಇಲ್ಲ ನನಗೆ. ನಗ್ತೀಯೋ ಏನೋ… ವರ್ಷಕ್ಕೊಂದು ಸಲ ತೆಗೆದು ನೋಡ್ತಿದ್ದೆ. ಒಣಗಿದ ಗಾಜಿನ ಮೇಲೆ ಏನು ಹುಟ್ಟತ್ತೆ? ಆದ್ರೂ ನೋಡ್ತಿದ್ದೆ. ಇವತ್ತು ಒಬ್ಬನೇ ಬಂದು ಇದನ್ನ ಜೇಬಿಗೆ ಹಾಕ್ಕೊಂಡು ಹೋಗೋಣ ಅಂತಿದ್ದೆ. ನೀನು ಧೂಳು ಹೊಡೆಯೋಕೆ ಬಂದೆ.

ಏನಾದ್ರೂ ಅನ್ನೇ. ಈ ಸ್ಲೈಡ್ ನೆಲಕ್ಕೆ ಹಾಕಿ ತುಳಿ, ಬೇಡ ಅನ್ನಲ್ಲ.

ಎಲ್ಲಿ ನೋಡ್ತಿದೀಯ? ನನ್ನನ್ನ ನೋಡು. ಗೋಡೆ ಮೇಲೆ ಏನಿದೆ, ನಿನ್ನ ಚಾರ್ಟು, ಇವತ್ತು ನೋಡ್ತಿರೋದಾ ಅದನ್ನ…

ತಡಿ.

ಅಟೆಂಡರ್‌ಗೆ ಆರು ಸ್ಲೈಡ್ ಕೊಡು ಅಂತ ಹೇಳಿ ಹೋಗಿದ್ದೆ ನಾನು. ಆರು ಅಂತ ಬೆರಳು ಎಣಿಸಿ ಹೇಳಿದ್ದೆ. ಅವನು ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದಿದ್ನಾ?

ಪೆಟ್ಟಿಗೆಯಲ್ಲಿ ಏಳಿತ್ತು.

ಕಂಡದ್ದನ್ನ ಬಿಡೋಳಲ್ಲ ನೀನು… ಕಂಡ ಹಾಗೇ ಬರೆದೆ. ಲೆಕ್ಕ ತಪ್ಪಲಿಲ್ಲ. ತಾರೀಖು ಓದಿದೆ, ಡಾಕ್ಟರಮ್ಮ ಹೇಳಿದ ಮಾರನೇ ದಿನದ್ದು. ನಾನು ಊರಿಂದ ಬಂದ ದಿನ ನೀನು ಮಾತ್ರೆ ಡಬ್ಬಿ ತೊಳೆದು ಅದಕ್ಕೆ ಕುಂಚ ಹಾಕಿಟ್ಟಿದ್ದೆ. ಇನ್ನು ಸಾಕು, ನನಗೆ ಆಗಲ್ಲ, ಅಂದೆ. ಸುಸ್ತಾಗಿದೆ ಪಾಪ ಅಂದುಕೊಂಡೆ ನಾನು. ಸಮಾಧಾನ ಆಯ್ತು ನನಗೆ, ನಿಜ ಹೇಳ್ಲಾ? ಉಸ್ಸಪ್ಪಾ ಅನ್ನಿಸ್ತು.

ಇಪ್ಪತ್ತಮೂರು ವರ್ಷ ಅದರ ಕೆಳಗೇ ನಿಂತು ಪಾಠ ಮಾಡಿದೀನಿ. ಹೆಂಡತಿಗೆ ಮಗ್ಗಿ ಬರಲ್ಲ ಅಂದೆ. ಏಳನೇದು ಯಾವ ಪ್ರಾಣಿ ಅಂತ ನಾನೇ ಎಲ್ಲರನ್ನೂ ಕೇಳಿದೆ. ಅಕ್ಕ ಏನಾದ್ರೂ ಅಂದಾಗೆಲ್ಲ ನೀನು ನನ್ನ ಮುಖ ನೋಡ್ತಿದ್ದದ್ದು… ನಾನು ಅದನ್ನ ಅಳು ಅಂದುಕೊಂಡಿದ್ದೆ. ಅಳು ಅಲ್ಲ ಅದು. ಈಗಲಾದ್ರೂ ಹೇಳ್ತಾನೇನೋ ಅಂತ ಕಾಯ್ತಿದ್ದೆ ಅಲ್ವಾ? ಪ್ರತಿ ಸಲ?

ಯಾಕೆ ಪೆನ್ನು ಕೊಡ್ತೀಯ? ಲೇಬಲ್ ಬರೆಯೋಳು ನೀನು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರತ್ತೆ… ನಾನೇ ಬರೀಬೇಕಾ.

ಹೂಂ.

ಆ ಸ್ಟೂಲ್ ಈ ಕಡೆ ಎಳಿ. ಕಾಲು ಅಲ್ಲಾಡತ್ತೆ ಅದರದ್ದು. ಉಳಿದ ಆರರ ಕೆಳಗೆ ಪ್ರಾಣಿ ಹೆಸರು ಬರೆದಿದೀಯ, ಇದಕ್ಕೆ ಏನಂತ ಬರೀಲಿ? 'ಇತರೆ' ಬೇಡ ಅಲ್ವಾ. ಬೇಡ. ಅದನ್ನ ಇಷ್ಟು ವರ್ಷ ನೋಡಿ ಆಯ್ತು. ಎಲ್ಲರಿಗೂ ಅರ್ಥ ಆಗೋ ಹೆಸರು ಒಂದಿದೆ ನನಗೆ, ಗೇಟಿನ ಚಹಾದವನಿಗೂ ಅರ್ಥ ಆಗೋದು. ಇರು. ಬೀ… ಜ… ದ… ಮೇ… ಷ್ಟ್ರು.

ಬರೆದೆ. ವಕ್ರ ಆಯ್ತು. ಓದು. ಖಾಲಿ ವೃತ್ತ, ಕೆಳಗೆ ಬೀಜದ ಮೇಷ್ಟ್ರು. ಇದಕ್ಕಿಂತ ಒಳ್ಳೇ ತಮಾಷೆ ನಾನು ಈ ರೂಮಲ್ಲಿ ಯಾವತ್ತೂ ಮಾಡಿಲ್ಲ. ಈಗ ನಗಬಹುದು ನೀನು.

ನಗಲ್ವಾ.

ಮೆಟ್ಟಿಲ ಮೇಲೆ ಸದ್ದು ಕೇಳ್ತಾ? ಅಕ್ಕನೇ ಅದು, ಅವಳ ಉಸಿರು ಎರಡು ಮಹಡಿಗೆ ಕೇಳತ್ತೆ. ಇಲ್ಲ, ಒರೆಸಲ್ಲ. ನೋಡು, ಪೆನ್ನಿನ ಮುಚ್ಚಳ ಹಾಕಿಬಿಟ್ಟೆ. ಬರಲಿ. ಈ ಸಲ ಇದು ಯಾವ ಪೈಪು ಅಂತ ಅವಳು ಕೇಳಿದ್ರೆ, ಸೋರತ್ತಾ ಅಂತ ಕೇಳಿದ್ರೆ, ನೀನು ಬಾಯಿ ತೆಗೀಬೇಡ, ನಾನೇ ಹೇಳ್ತೀನಿ. ಸ್ಟೂಲ್ ಮಾತ್ರ ಹಿಡ್ಕೊಂಡಿರು.

ಹಿಡ್ಕೊಂಡಿದೀಯಾ?